ಐರಿಸ್ ಮಡಿಯನ್ನು ವರ್ಷವರ್ಷವೂ ಅಗೆಯಲು ಯಾರು ಹೇಳಿದರು?

ಶರತ್ಕಾಲ ಹತ್ತಿರವಾಯಿತೆಂದರೆ ನನಗೆ ಬರುವ ಪತ್ರಗಳಿಗೆಲ್ಲ ಐರಿಸ್ ಜ್ವರ ಹತ್ತುತ್ತದೆ. ಬರೆಯುವವರು ಬೇರೆ ಬೇರೆ, ಪ್ರಶ್ನೆಗಳು ಮಾತ್ರ ಅವೇ ಐದಾರು. ಹಿಂದೆ ಹೇಳಿದ್ದನ್ನೇ ಈ ಸಲ ಇನ್ನೊಂದಿಷ್ಟು ಸಿಟ್ಟು ಸೇರಿಸಿ ಹೇಳುತ್ತಿದ್ದೇನೆ. ಬಿಸಿಲು ಬೇಕೇ, ನೀರು ನಿಲ್ಲುವ ಜಾಗದಲ್ಲಿ ನೆಡಬಹುದೇ ಎಂಬಂಥ ಅಕ್ಷರಾಭ್ಯಾಸದ ಪಾಠಗಳು ಇಲ್ಲಿಲ್ಲ. ಬರಿದೇ ಐರಿಸ್ ಎಂದಿರುವ ಕಡೆಯೆಲ್ಲ, ದಳದ ಮೇಲೆ ಗಡ್ಡದಂಥ ರೋಮಗಳ ಸಾಲಿರುವ, ಶುಂಠಿಯಂತೆ ಅಡ್ಡಡ್ಡ ಹರಡುವ ಗೆಡ್ಡೆಯ ಜಾತಿ ಎಂದು ತಿಳಿದುಕೊಳ್ಳಿ.

ಪ್ರಶ್ನೆ: ಹನ್ನೊಂದು ವರ್ಷಗಳಿಂದ ಪ್ರತಿ ಶರತ್ಕಾಲದಲ್ಲಿ ಇಡೀ ಐರಿಸ್ ಮಡಿಯನ್ನು ಅಗೆದು, ಗೆಡ್ಡೆಗಳನ್ನು ಬಿಡಿಸಿ, ತೊಳೆದು ಮತ್ತೆ ನೆಡುತ್ತಿದ್ದೇನೆ. ಆಮೇಲೆ ನಾಲ್ಕು ದಿನ ಸೊಂಟ ನೆಟ್ಟಗಾಗುವುದಿಲ್ಲ. ಇಷ್ಟು ಮಾಡಿದರೂ ಹೂವು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅಗೆಯುವುದರಲ್ಲೇ ತಪ್ಪುತ್ತಿದ್ದೀರಿ. ಇಷ್ಟು ಮಾಡಿದರೂ ಅಲ್ಲ, ಇಷ್ಟು ಮಾಡಿದ್ದರಿಂದಲೇ ಹೂವು ಕಡಿಮೆಯಾಗಿದೆ.

ಐರಿಸ್ ಗುಂಪನ್ನು ಅಗೆದು ಬಿಡಿಸಬೇಕಾದದ್ದು 3ರಿಂದ 4 ವರ್ಷಕ್ಕೊಮ್ಮೆ. ವರ್ಷವರ್ಷವೂ ಅಗೆಯಬೇಕೆಂಬ ನಂಬಿಕೆ ಡೇಲಿಯಾ ಮತ್ತು ಗ್ಲಾಡಿಯೋಲಸ್ ಬೆಳೆಯುವವರಿಂದ ಬಂದಿರಬೇಕೆಂಬುದು ನನ್ನ ಗುಮಾನಿ. ಮಣ್ಣು ಹೆಪ್ಪುಗಟ್ಟುವ ಕಡೆ ಆ ಗಿಡಗಳು ಚಳಿಗೆ ಸಾಯುತ್ತವೆ. ಅದಕ್ಕೇ ಅವುಗಳ ಗೆಡ್ಡೆಯನ್ನು ಕಿತ್ತು ಮನೆಯೊಳಗಿಟ್ಟು ವಸಂತದಲ್ಲಿ ಮತ್ತೆ ನೆಡುತ್ತಾರೆ. ಐರಿಸ್‌ಗೆ ಆ ಉಪಚಾರ ಬೇಕಿಲ್ಲ. ಚಳಿಗಾಲವನ್ನು ಅದು ಮಣ್ಣಿನಲ್ಲೇ ಕಳೆಯುತ್ತದೆ, ಹಾಗೆ ಕಳೆಯುವುದೇ ಅದಕ್ಕೆ ಒಳ್ಳೆಯದು.

ಗೆಡ್ಡೆಯ ಬದುಕನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಅರ್ಧ ಕೆಲಸ ತಪ್ಪುತ್ತದೆ. ಒಂದು ಗೆಡ್ಡೆ ಹೂಬಿಡುವುದು ಒಂದೇ ಸಲ. ಅದರ ತುದಿಯ ಮೊಗ್ಗೇ ಹೂದಂಟಾಗಿ ಮೇಲೇಳುವುದರಿಂದ ಆ ತುದಿಯ ಬೆಳವಣಿಗೆ ಅಲ್ಲಿಗೆ ಮುಗಿಯಿತು. ಅಷ್ಟರಲ್ಲಿ ಅದರ ಪಕ್ಕೆಗಳಲ್ಲಿ ಮರಿಗಳು ಹುಟ್ಟಿರುತ್ತವೆ. ಮುಂದಿನ ಹೂವು ಆ ಮರಿಗಳದ್ದು, ಅದರ ಮುಂದಿನದು ಮರಿಗಳ ಮರಿಗಳದ್ದು. ಹೀಗೆ ಗುಂಪು ಹೊರಹೊರಗೆ ನಡೆಯುತ್ತಾ ಹೋಗುತ್ತದೆ. ಮೂರು ನಾಲ್ಕು ವರ್ಷಗಳಲ್ಲಿ ಅಂಚಿನಲ್ಲಿ ಮಾತ್ರ ಎಲೆ, ನಡುವೆ ಎಲೆಯಿಲ್ಲದ ಹಳೆಯ ಗೆಡ್ಡೆಗಳ ಬೋಳು ನೆತ್ತಿ. ಹೊಸವು ಜಾಗ ಸಾಲದೆ ಒಂದರ ಬೆನ್ನ ಮೇಲೊಂದು ಹತ್ತುತ್ತವೆ. ಈ ನೋಟ ಕಂಡಾಗ ಅಗೆಯಿರಿ. ಕ್ಯಾಲೆಂಡರಿನಲ್ಲಿ ತಿಂಗಳು ಬಂತೆಂದು ಅಗೆಯಬೇಡಿ.

ಅಗೆದಾಗಲೆಲ್ಲ ಆಗುವುದೇನು? ಹಿಡಿತಕ್ಕೆ ಬಂದಿದ್ದ ಬೇರು ಹರಿಯುತ್ತದೆ. ಗೆಡ್ಡೆ ತನ್ನಲ್ಲಿ ಕೂಡಿಟ್ಟ ಆಹಾರವನ್ನು ಹೊಸ ಬೇರಿಗೆ ಸುರಿಯುತ್ತದೆ. ಬಿಡಿಸಿ ನೆಟ್ಟ ಗಿಡ ಮೊದಲ ವಸಂತದಲ್ಲಿ ಹೂಬಿಡದಿರುವುದು ಸಾಮಾನ್ಯ, ಸಣ್ಣ ಮರಿಯಾದರೆ ಎರಡು ವರ್ಷ ಕಾಯಬೇಕಾಗಬಹುದು. ಅದು ಸುಧಾರಿಸಿಕೊಳ್ಳುವ ಹೊತ್ತಿಗೆ ಸರಿಯಾಗಿ ನೀವು ಮತ್ತೆ ಗುದ್ದಲಿ ಹಿಡಿದು ಬಂದಿರುತ್ತೀರಿ. ಹನ್ನೊಂದು ವರ್ಷಗಳಲ್ಲಿ ನಿಮ್ಮ ಗಿಡಗಳು ಬೇರು ಬಿಡುವುದೊಂದನ್ನು ಬಿಟ್ಟು ಬೇರೆ ಕೆಲಸ ಮಾಡಿಲ್ಲ.

ಹಾಗೆಂದು ಅಗೆತವನ್ನೇ ಬಿಟ್ಟುಬಿಡಿ ಎಂದಲ್ಲ. ಮಡಿಯನ್ನು ಕಣ್ಣಳತೆಯಲ್ಲೇ ಮೂರು ಪಾಲು ಮಾಡಿಕೊಳ್ಳಿ. ಈ ವರ್ಷ ಒಂದು ಪಾಲು ಮಾತ್ರ ಅಗೆಯಿರಿ, ಮುಂದಿನ ವರ್ಷ ಇನ್ನೊಂದು. ಎರಡು ಪಾಲು ಸದಾ ಹೂಬಿಡುವ ವಯಸ್ಸಿನಲ್ಲಿರುತ್ತವೆ, ಸೊಂಟಕ್ಕೂ ಮೂರರಲ್ಲಿ ಒಂದು ಪಾಲಿನ ನೋವು. ಅದೂ ಆಗದವರಿಗೆ ಇನ್ನೊಂದು ದಾರಿ: ಗುಂಪನ್ನು ಕೀಳಲೇಬೇಡಿ. ನಡುವಿನ ಹಳೆಯ ಗೆಡ್ಡೆಗಳನ್ನಷ್ಟೇ ಚಾಕುವಿನಿಂದ ಕತ್ತರಿಸಿ ತೆಗೆದು ಆ ಗುಳಿಗೆ ಹೊಸ ಮಣ್ಣು ತುಂಬಿ. ಅಂಚಿನ ಗಿಡಗಳಿಗೆ ಏನಾಯಿತೆಂದೇ ತಿಳಿಯುವುದಿಲ್ಲ. ಮಂಡಿ ನೋವು ಶುರುವಾದ ಮೇಲೆ ನಾನು ಮಾಡುತ್ತಿರುವುದು ಇದನ್ನೇ, ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ.

ಇನ್ನು ಕಾಲ. ನೀವು ಶರತ್ಕಾಲ ಎನ್ನುತ್ತೀರಿ. ಅದು ಯಾವ ಶರತ್ಕಾಲ? ಹೂವು ಮುಗಿದ 4ರಿಂದ 6 ವಾರಗಳ ನಂತರ ಗಿಡ ತುಸು ವಿಶ್ರಾಂತಿಗೆ ಇಳಿಯುತ್ತದೆ, ಹೊಸ ಬೇರು ಬಿಡಲು ಸಜ್ಜಾಗುತ್ತದೆ. ಆಗಿನಿಂದ ಬೇಸಿಗೆಯ ಕೊನೆಯವರೆಗೆ ಅಗೆಯಲು ತಕ್ಕ ಕಾಲ. ಸುಡು ಬೇಸಿಗೆಯ ಕಡೆ ಕಾವು ಇಳಿಯುವವರೆಗೆ ಕಾಯಬಹುದು. ಆದರೆ ಮಣ್ಣು ಹೆಪ್ಪುಗಟ್ಟುವಂಥ ಚಳಿಗೆ ಕನಿಷ್ಠ 6 ವಾರ ಮೊದಲು ನೆಟ್ಟು ಮುಗಿಸಿರಬೇಕು. ಎಲೆಗಳೆಲ್ಲ ಉದುರಿದ ಮೇಲೆ ಪುರುಸೊತ್ತಾಯಿತೆಂದು ನೆಟ್ಟರೆ ಬೇರು ಹಿಡಿಯುವಷ್ಟರಲ್ಲಿ ಚಳಿ ಬಂದುಬಿಡುತ್ತದೆ. ಮಣ್ಣು ಹೆಪ್ಪುಗಟ್ಟುವುದು, ಕರಗುವುದು, ಮತ್ತೆ ಹೆಪ್ಪುಗಟ್ಟುವುದು ನಡೆದಂತೆಲ್ಲ ಹಿಡಿತವಿಲ್ಲದ ಗೆಡ್ಡೆ ಮೇಲಕ್ಕೆ ತಳ್ಳಲ್ಪಟ್ಟು ಬೇರು ಸಮೇತ ನೆಲದ ಮೇಲೆ ಬಿದ್ದಿರುತ್ತದೆ. ಈಗಾಗಲೇ ತಡವಾಗಿ ನೆಟ್ಟಿದ್ದರೆ ಮೊದಲ ಚಳಿಗಾಲಕ್ಕೆ ಗೆಡ್ಡೆಯ ಮೇಲೊಂದು ಇಟ್ಟಿಗೆ ಹೇರಿ, ವಸಂತ ಬಂದೊಡನೆ ತೆಗೆಯಿರಿ. ನಗಬೇಡಿ, ಇಟ್ಟಿಗೆ ಕೆಲಸ ಮಾಡುತ್ತದೆ.

ಅಗೆಯುವಾಗ ಗುದ್ದಲಿಗಿಂತ ಹಲ್ಲುಗಳಿರುವ ತೋಟದ ಫೋರ್ಕ್ ವಾಸಿ. ಗುಂಪಿನಿಂದ ದೂರದಲ್ಲಿ ಇಳಿಸಿ, ಸುತ್ತ ನಾಲ್ಕು ಕಡೆಯಿಂದ ಸಡಿಲಿಸಿ, ಇಡಿಯಾಗಿ ಎತ್ತಿ. ಮಣ್ಣು ಕೊಡವಿ. ಎಲೆಯನ್ನು ಸುಮಾರು 15 ಸೆಂಟಿಮೀಟರ್ ಉಳಿಸಿ ಕತ್ತರಿಸಿ. ಬೇರು ಕಡಿಮೆಯಾದ ಗಿಡ ಅಷ್ಟೊಂದು ಎಲೆಗೆ ನೀರು ಹೊಂದಿಸಲಾರದು, ಗಾಳಿಗೆ ಸಿಕ್ಕಿ ಅಲುಗಾಡುತ್ತದೆ ಕೂಡ. ಮರಿಗಳನ್ನು ತಾಯಿಗೆಡ್ಡೆಯಿಂದ ಹರಿತವಾದ ಚಾಕುವಿನಲ್ಲಿ ಬೇರ್ಪಡಿಸಿ. ಪ್ರತಿ ತುಂಡಿಗೂ ಒಂದು ಎಲೆಗುಚ್ಛ ಮತ್ತು ಒಳ್ಳೆಯ ಬೇರು ಇರಲಿ. ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿಟ್ಟುಕೊಂಡು, ಒಂದೊಂದು ಗುಂಪು ಮುಗಿದಾಗಲೂ ಚಾಕುವನ್ನು ಅದರಲ್ಲಿ ಅದ್ದಿ. ಇಲ್ಲಿ ನನ್ನದು ಅತಿಯಾದ ಮಡಿವಂತಿಕೆ ಎನ್ನುವವರಿದ್ದಾರೆ. ಕೊಳೆರೋಗದ ಗೆಡ್ಡೆಯನ್ನು ಕೊಯ್ದ ಚಾಕುವಿನಲ್ಲೇ ಒಳ್ಳೆಯ ಗೆಡ್ಡೆ ಕೊಯ್ದು, ಆಮೇಲೆ ಆ ನಾತವನ್ನು ಮೂಸಿ ನೋಡಿದವರು ಯಾರೂ ಹಾಗೆ ಎನ್ನುವುದಿಲ್ಲ.

ಹೂಬಿಟ್ಟು ಬರಿದಾದ ತಾಯಿಗೆಡ್ಡೆಯನ್ನು ಎಸೆಯಿರಿ. ಇಲ್ಲೇ ಎಲ್ಲರ ಕೈ ಹಿಂಜರಿಯುವುದು. ದಪ್ಪಗಿದೆ, ಗಟ್ಟಿಯಾಗಿದೆ, ಪಾಪ ಎಂದು ಮತ್ತೆ ನೆಡುತ್ತಾರೆ. ಅದರಿಂದ ಇನ್ನೊಂದು ಹೂವು ಬರುವುದಿಲ್ಲ. ನಿಮ್ಮ ಮಡಿಯಲ್ಲಿ ಅರ್ಧ ಜಾಗ ಇಂಥ ಪಿಂಚಣಿದಾರರದ್ದೇ ಇರಬೇಕು.

ಕತ್ತರಿಸಿದ ಗಾಯ ಒಣಗಲು ಒಂದೆರಡು ದಿನ ನೆರಳಲ್ಲಿ, ಗಾಳಿಯಾಡುವ ಕಡೆ ಹರಡಿಡಿ. ಅವಸರವೇನಿಲ್ಲ, ಮಣ್ಣಿಲ್ಲದೆ ಎರಡು ವಾರ ಬಿದ್ದಿದ್ದರೂ ಈ ಗೆಡ್ಡೆ ಬದುಕುತ್ತದೆ. ಅದು ತಾಳದ್ದು ಉಸಿರು ಕಟ್ಟುವುದನ್ನು. ಒಂದು ವರ್ಷ ಮಳೆ ಬಂತೆಂದು ಅಗೆದಿಟ್ಟ ರಾಶಿಯ ಮೇಲೆ ಪ್ಲಾಸ್ಟಿಕ್ ಹೊದಿಸಿ ಮೂರು ದಿನ ಮರೆತಿದ್ದೆ. ತೆಗೆದಾಗ ಅರ್ಧಕ್ಕರ್ಧ ಗಂಜಿಯಾಗಿತ್ತು. ನಲವತ್ತು ಗೆಡ್ಡೆಗಳನ್ನು ಕೈಯಾರೆ ಕೊಂದವನ ಮಾತಿದು, ನಂಬಿ. ಹಾಗೆಯೇ ಪ್ರತಿ ಗೆಡ್ಡೆಯ ಎಲೆಯ ಮೇಲೆ ಮಾರ್ಕರ್ ಪೆನ್ನಿನಿಂದ ತಳಿಯ ಹೆಸರು ಬರೆದಿಡಿ. ನೆನಪಿರುತ್ತದೆ ಎಂದುಕೊಳ್ಳುತ್ತೀರಿ, ಇರುವುದಿಲ್ಲ.

ನೆಡುವಾಗ ಗುಂಡಿಯ ನಡುವೆ ಮಣ್ಣಿನ ಸಣ್ಣ ದಿಬ್ಬ ಮಾಡಿ, ಗೆಡ್ಡೆಯನ್ನು ಕುದುರೆ ಸವಾರನಂತೆ ಅದರ ಮೇಲೆ ಕೂರಿಸಿ, ಬೇರುಗಳನ್ನು ಎರಡೂ ಕಡೆಗೆ ಕಾಲಿನಂತೆ ಇಳಿಬಿಡಿ. ಬೇರಿನ ಮೇಲೆ ಮಣ್ಣು ತುಂಬಿ ಗಟ್ಟಿಯಾಗಿ ಒತ್ತಿ. ಗೆಡ್ಡೆಯ ಬೆನ್ನು ಮಣ್ಣಿನ ಮಟ್ಟದಲ್ಲೇ ಕಾಣುತ್ತಿರಲಿ. ಬಿಸಿಲು ತೀರಾ ಸುಡುವ ಕಡೆಯಾದರೆ ಎರಡು ಸೆಂಟಿಮೀಟರಿನಷ್ಟು ಮಣ್ಣು ಸಾಕು. ಆಳವಾಗಿ ಹೂತ ಐರಿಸ್ ಎಲೆಯನ್ನಷ್ಟೇ ಬೆಳೆಸುತ್ತಾ ಕೂರುತ್ತದೆ, ಇಲ್ಲವೇ ಕೊಳೆಯುತ್ತದೆ. ಗಿಡದಿಂದ ಗಿಡಕ್ಕೆ 30ರಿಂದ 60 ಸೆಂಟಿಮೀಟರ್ ಬಿಡಿ. ಗೆಡ್ಡೆ ಎಲೆಯಿರುವ ತುದಿಯ ಕಡೆಗೇ ಮುನ್ನಡೆಯುತ್ತದೆ. ಆದ್ದರಿಂದ ಎಲೆತುದಿಗಳೆಲ್ಲ ಒಂದೇ ದಿಕ್ಕಿಗಿರಲಿ, ಅಥವಾ ಹೊರಮುಖವಾಗಿರಲಿ. ಎದುರುಬದುರು ನೆಟ್ಟರೆ ಎರಡನೆಯ ವರ್ಷವೇ ಡಿಕ್ಕಿ. ನೆಟ್ಟ ದಿನ ಚೆನ್ನಾಗಿ ನೀರು ಕೊಡಿ, ಬೇರು ಹಿಡಿಯುವವರೆಗೆ ಮಣ್ಣು ಪೂರ್ತಿ ಒಣಗದಂತೆ ಆಗಾಗ ಕೊಟ್ಟರೆ ಸಾಕು. ದಿನವೂ ನೀರೆರೆಯುವ ಪ್ರೀತಿಯನ್ನು ಬೇರೆ ಗಿಡಕ್ಕೆ ಕೊಡಿ.

ತೊಳೆಯುತ್ತೇನೆ ಎಂದಿದ್ದೀರಿ. ಹುಳುವಿದೆಯೇ ಎಂದು ನೋಡುವುದಕ್ಕಾದರೆ ತೊಳೆಯಿರಿ. ಚೆಂದಕ್ಕಾದರೆ ಬೇಡ.

ಪ್ರಶ್ನೆ: ಹೂವು ಮುಗಿದ ಕೂಡಲೇ ಎಲೆಗಳನ್ನು ಬೀಸಣಿಗೆಯ ಆಕಾರಕ್ಕೆ ಕತ್ತರಿಸಿದರೆ ಗೆಡ್ಡೆ ದಪ್ಪವಾಗುತ್ತದೆಯಂತೆ, ಹೌದೇ?

ಉತ್ತರ: ಗೆಡ್ಡೆಗೆ ಊಟ ಹಾಕುವುದೇ ಎಲೆ. ಅಡುಗೆಮನೆ ಕೆಡವಿದರೆ ಮನೆಯವರು ದಪ್ಪವಾಗುತ್ತಾರೆಯೇ?

ಪ್ರಶ್ನೆ: ನೆಡುವ ಗುಂಡಿಗೆ ಹಸಿ ಕೊಟ್ಟಿಗೆ ಗೊಬ್ಬರ ಎಷ್ಟು ಹಾಕಲಿ?

ಉತ್ತರ: ಸೊನ್ನೆ. ಸಾರಜನಕ ಹೆಚ್ಚಾದರೆ ಎಲೆ ಮೆತ್ತಗೆ ಕೊಬ್ಬುತ್ತದೆ, ಕೊಳೆರೋಗಕ್ಕೆ ಅದೇ ಔತಣ.

ಪ್ರಶ್ನೆ: ಸಕ್ಕರೆ ನೀರು, ಎಪ್ಸಂ ಉಪ್ಪು, ದಾಲ್ಚಿನ್ನಿ ಪುಡಿ, ಇವುಗಳಲ್ಲಿ ಯಾವುದು ಒಳ್ಳೆಯದು? ಒಬ್ಬರು ‘ಹೂವಿನ ಟಾನಿಕ್’ ಎಂದು ಸೀಸೆಯನ್ನೂ ಮಾರುತ್ತಿದ್ದಾರೆ.

ಉತ್ತರ: ಒಳಗೇನಿದೆ ಎಂದು ಬರೆಯದ ಸೀಸೆಯನ್ನು ನಿಮ್ಮ ಮಗುವಿಗೆ ಕುಡಿಸುತ್ತೀರಾ? ಜನದಟ್ಟಣೆಯಿಂದ ಹೂಬಿಡದ ಗುಂಪಿಗೆ ಬೇಕಿರುವುದು ಜಾಗ. ಜಾಗವನ್ನು ಸೀಸೆಯಲ್ಲಿ ತುಂಬಿ ಮಾರಲು ಇನ್ನೂ ಯಾರಿಂದಲೂ ಆಗಿಲ್ಲ.

ಪ್ರಶ್ನೆ: ಹಳದಿ ಮತ್ತು ಗುಲಾಬಿ ಬಣ್ಣದ ಐರಿಸ್ ನೆಟ್ಟಿದ್ದೆ. ಕೆಲವು ವರ್ಷಗಳಲ್ಲಿ ಎಲ್ಲವೂ ನೇರಳೆಗೆ ತಿರುಗಿದವು. ಮಣ್ಣಿನ ದೋಷವೇ?

ಉತ್ತರ: ಈ ಪ್ರಶ್ನೆಗೆ ಉತ್ತರಿಸಿ ನನ್ನ ಕೂದಲೇ ಬಣ್ಣ ತಿರುಗಿದೆ. ಗೆಡ್ಡೆಯಿಂದ ಬಂದ ಮರಿ ತಾಯಿಯ ತದ್ರೂಪು, ಅದು ಬಣ್ಣ ಬದಲಿಸುವುದಿಲ್ಲ. ಪಕ್ಕದಲ್ಲಿದ್ದ ಗಟ್ಟಿಮುಟ್ಟಾದ ನೇರಳೆ ತಳಿ ಹಬ್ಬಿ ನಿಮ್ಮ ಸುಕುಮಾರಿ ಗುಲಾಬಿಯನ್ನು ಹೊರದಬ್ಬಿದೆ. ಅಥವಾ ಬೀಜದ ಕಾಯಿಯನ್ನು ಕೀಳದೆ ಬಿಟ್ಟಿರಿ, ಬೀಜ ಉದುರಿ ಗುಂಪಿನ ನಡುವೆಯೇ ಸಸಿ ಎದ್ದಿದೆ. ಬೀಜದ ಸಸಿ ತಾಯಿಯಂತಿರಬೇಕೆಂಬ ಕರಾರಿಲ್ಲ. ಬಾಡಿದ ಹೂದಂಟನ್ನು ಬುಡದವರೆಗೆ ಕತ್ತರಿಸಿ, ಹೂವಿರುವಾಗಲೇ ಪರಕೀಯರನ್ನು ಗುರುತು ಮಾಡಿಟ್ಟುಕೊಳ್ಳಿ.

ಪ್ರಶ್ನೆ: ಗೆಡ್ಡೆಯೊಳಗೆ ಗುಲಾಬಿ ಛಾಯೆಯ ದಪ್ಪ ಹುಳು ಸಿಕ್ಕಿತು. ಒಳಗೆಲ್ಲ ಟೊಳ್ಳಾಗಿ ನಾರುತ್ತಿದೆ. ಇಡೀ ಮಡಿಯನ್ನು ಸುಡಬೇಕೇ?

ಉತ್ತರ: ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಡಿ. ಅದು ಐರಿಸ್ ಕೊರಕ, ಉತ್ತರ ಅಮೆರಿಕದ ಪತಂಗವೊಂದರ ಮರಿ. ಶರತ್ಕಾಲದಲ್ಲಿ ಪತಂಗ ಒಣಗಿದ ಎಲೆಗಳ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆ ಚಳಿಗಾಲ ಕಳೆದು ವಸಂತದಲ್ಲಿ ಒಡೆಯುತ್ತದೆ. ಕೂದಲೆಳೆಯಂಥ ಮರಿಹುಳು ಎಲೆಯೊಳಗೆ ಸುರಂಗ ಕೊರೆಯುತ್ತಾ ಇಳಿದು ಬೇಸಿಗೆಯ ನಡುವಿಗೆ ಗೆಡ್ಡೆ ಸೇರಿ, ಕೊನೆಗೆ ಮಣ್ಣಿನಲ್ಲಿ ಕೋಶ ಕಟ್ಟುತ್ತದೆ. ನಾತ ಹುಳುವಿನದ್ದಲ್ಲ, ಅದು ಕೊರೆದ ಗಾಯದಲ್ಲಿ ಹೊಕ್ಕ ಬ್ಯಾಕ್ಟೀರಿಯಾದ್ದು. ಹುಳುವನ್ನು ಕೊಲ್ಲಿ, ಮೆತ್ತಗಾದ ಭಾಗವನ್ನು ಚಮಚದಿಂದ ಗಟ್ಟಿ ತಿರುಳು ಸಿಗುವವರೆಗೆ ಕೆರೆದು ತೆಗೆಯಿರಿ, ಬಿಸಿಲಿಗೆ ಒಣಗಿಸಿ ನೆಡಿ. ಪೂರ್ತಿ ಟೊಳ್ಳಾದದ್ದನ್ನು ಎಸೆಯಿರಿ, ಗೊಬ್ಬರದ ಗುಂಡಿಗಲ್ಲ, ಕಸಕ್ಕೆ. ಮುಖ್ಯ ಕೆಲಸ ಇದಾದ ಮೇಲಿದೆ: ಚಳಿಗಾಲಕ್ಕೆ ಮುಂಚೆ ಒಣಗಿದ ಎಲೆಯನ್ನೆಲ್ಲ ಬಳಿದು ಹೊರಹಾಕಿ. ವರ್ಷವರ್ಷವೂ ಮೈಮುರಿಯಲೇಬೇಕೆಂಬ ಹಟವಿದ್ದವರು ಈ ಕೆಲಸಕ್ಕೆ ಮುರಿಯಲಿ.

ಪ್ರಶ್ನೆ: ಅಗೆದು ಮಿಕ್ಕ ಗೆಡ್ಡೆಯಿಂದ ಸುಗಂಧ ತಯಾರಿಸಬಹುದಂತೆ?

ಉತ್ತರ: ಸುಗಂಧಕ್ಕೆ ಬಳಸುವುದು ಬೇರೆ ಕೆಲವು ಜಾತಿಗಳು, ಮುಖ್ಯವಾಗಿ ಐರಿಸ್ ಪಾಲಿಡಾ. ಅದನ್ನೂ ವರ್ಷಗಟ್ಟಲೆ ಒಣಗಿಸಿಟ್ಟರೆ ಮಾತ್ರ ಪರಿಮಳ. ನಿಮ್ಮ ಮನೆಯ ನಾಯಿ ಆ ರಾಶಿಯನ್ನು ಅಗಿಯದಂತೆ ನೋಡಿಕೊಳ್ಳಿ, ಗೆಡ್ಡೆ ವಿಷಕಾರಿ. ಕೈಗವಸನ್ನೂ ಹಾಕಿಕೊಳ್ಳಿ, ರಸ ತಾಗಿ ಕೆಲವರಿಗೆ ಚರ್ಮ ಉರಿಯುತ್ತದೆ.

ಪ್ರಶ್ನೆ: ನೀವು ಹೇಳಿದಂತೆಯೇ ಗೆಡ್ಡೆಗಳನ್ನು ಎರಡು ದಿನ ಒಣಗಿಸಿ ನೆಟ್ಟೆ. ನನ್ನ ಸೈಬೀರಿಯನ್ ಐರಿಸ್ ಎಲ್ಲವೂ ಸತ್ತವು. ಈಗೇನು ಹೇಳುತ್ತೀರಿ?

ಉತ್ತರ: ತಪ್ಪು ನನ್ನದೂ ಇದೆ, ಎಲ್ಲ ಐರಿಸ್ಸಿಗೂ ಒಂದೇ ಕಟ್ಟಳೆ ಅಲ್ಲವೆಂದು ಆಗಲೇ ಬರೆಯಬೇಕಿತ್ತು. ಸೈಬೀರಿಯನ್ ಜಾತಿಗೆ ಗಡ್ಡವೂ ಇಲ್ಲ, ಕೂಡಿಟ್ಟುಕೊಳ್ಳಲು ದಪ್ಪ ಗೆಡ್ಡೆಯೂ ಇಲ್ಲ. ಇರುವುದು ನಾರುಬೇರಿನ ಗಟ್ಟಿ ಮುದ್ದೆ. ಆ ಬೇರು ಒಂದು ಗಳಿಗೆಯೂ ಒಣಗಬಾರದು. ಕಿತ್ತ ಕೂಡಲೇ ನೀರಿನ ಬಕೆಟ್ಟಿನಲ್ಲಿಟ್ಟು, ಬುಡ 3ರಿಂದ 5 ಸೆಂಟಿಮೀಟರ್ ಮಣ್ಣಿನೊಳಗೆ ಇರುವಂತೆ ನೆಟ್ಟು, ವಾರಗಟ್ಟಲೆ ತೇವ ಉಳಿಸಿ. ಹೂವು ಚೆನ್ನಾಗಿ ಬರುತ್ತಿರುವವರೆಗೆ ಅದನ್ನು ಅಗೆಯುವ ಗೋಜಿಗೇ ಹೋಗಬೇಡಿ. ಗುಂಪು ದೊಡ್ಡದಾದ ಮೇಲೆ ಅದನ್ನು ಸೀಳಲು ಚಾಕು ಸಾಲದು. ನಾನು ಹಳೆಯ ಗರಗಸ ಇಟ್ಟುಕೊಂಡಿದ್ದೇನೆ.