ಶಾಲೆಗೆ ಟ್ಯಾಬ್ ಬಂದಿದೆ, ಪಾಠ ಹೇಗೆ ಮಾಡುವುದು?

ಪ್ರಶ್ನೆ: ಹೊಸನಗರ ತಾಲ್ಲೂಕಿನ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಕಲಿಸುತ್ತೇನೆ. ಹಳೇ ವಿದ್ಯಾರ್ಥಿಗಳು ಎಂಟು ಟ್ಯಾಬ್ ಕೊಟ್ಟಿದ್ದಾರೆ. ಮಕ್ಕಳು 28. ಊರಲ್ಲಿ ನೆಟ್‌ವರ್ಕ್ ಇಲ್ಲ, ಮಳೆಗಾಲದಲ್ಲಿ ಕರೆಂಟನ್ನೂ ನೆಚ್ಚುವಂತಿಲ್ಲ. ಗಣಿತದ ಗೇಮ್ ಆಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ, ಭಿನ್ನರಾಶಿ ಮಾತ್ರ ತಲೆಗೆ ಹತ್ತಲಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ: ಮೊದಲು ಗೇಮನ್ನೇ ಪರೀಕ್ಷಿಸಿ. ಲೆಕ್ಕ ಬಿಡಿಸಿದರೆ ಒಂದು ನಿಮಿಷ ಕಾರು ಓಡಿಸಬಹುದು ಎನ್ನುವ ಬಗೆಯ ಗೇಮಿನಲ್ಲಿ ಮಗುವಿನ ಕಣ್ಣು ಕಾರಿನ ಮೇಲೇ ಇರುತ್ತದೆ. ಬೇಗ ಅಲ್ಲಿಗೆ ಹೋಗಲು ನಾಲ್ಕು ಉತ್ತರಗಳನ್ನೂ ಒಂದೊಂದಾಗಿ ಒತ್ತಿಬಿಡುತ್ತದೆ. ಇಂಗ್ಲೆಂಡಿನ ಹ್ಯಾಬ್‌ಗುಡ್ ಮತ್ತು ಏನ್ಸ್‌ವರ್ತ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತ್ತು. ಒಂದೇ ಗೇಮಿಗೆ ಎರಡು ರೂಪ: ಒಂದರಲ್ಲಿ ಎದುರಾಳಿಯನ್ನು ಸೋಲಿಸುವುದೇ ಭಾಗಾಕಾರದಿಂದ, ಇನ್ನೊಂದರಲ್ಲಿ ಭಾಗಾಕಾರ ಹಂತಗಳ ನಡುವಿನ ಕ್ವಿಜ್. ಲೆಕ್ಕವೇ ಆಟವಾಗಿದ್ದ ರೂಪವನ್ನು ಆಡಿದ ಮಕ್ಕಳು ಹೆಚ್ಚು ಕಲಿತರು. ನಿಮ್ಮ ಗೇಮಿನಿಂದ ಲೆಕ್ಕವನ್ನು ತೆಗೆದು ನೋಡಿ. ಆಗಲೂ ಆಟ ಉಳಿಯುತ್ತದೆ ಎಂದಾದರೆ ಆ ಗೇಮನ್ನು ಬಿಡಿ.

ಭಿನ್ನರಾಶಿಗೆ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೆ ಮಾಡಿ ನೋಡಿ ಕಲಿಯುವ ಪ್ರಯೋಗಗಳು) ಚೆನ್ನಾಗಿವೆ. 2002ರಲ್ಲಿ ಶುರುವಾದ ಯೋಜನೆ, ಉಚಿತ. ಹಲವು ಕನ್ನಡದಲ್ಲೂ ಇವೆ. ‘ಬಿಲ್ಡ್ ಎ ಫ್ರ್ಯಾಕ್ಷನ್’ ಎಂಬುದರಲ್ಲಿ ವೃತ್ತದ, ಆಯತದ ತುಂಡುಗಳನ್ನು ಎಳೆದು ಸೇರಿಸಿ ಕೊಟ್ಟ ಭಿನ್ನರಾಶಿಯನ್ನು ಕಟ್ಟಬೇಕು. ಇಲ್ಲಿ ಊಹೆಯಿಂದ ಒತ್ತಿ ದಾಟುವುದು ಕಷ್ಟ.

ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಒಂದು ಹಳೇ ಲ್ಯಾಪ್‌ಟಾಪ್‌ಗೆ ‘ಕೊಲಿಬ್ರಿ’ ಎಂಬ ಉಚಿತ ತಂತ್ರಾಂಶ ಹಾಕಿ. ಪೇಟೆಗೆ ಹೋದಾಗ ಬೇಕಾದ ಪಾಠಗಳನ್ನೂ ಫೆಟ್ ಅನ್ನೂ ಅದಕ್ಕೆ ಡೌನ್‌ಲೋಡ್ ಮಾಡಿಕೊಳ್ಳಿ. ಯಾವುದು ಕನ್ನಡದಲ್ಲಿದೆ ಎಂದು ಅಲ್ಲೇ ತೆರೆದು ನೋಡಿಕೊಂಡು ಬನ್ನಿ. ಶಾಲೆಯಲ್ಲಿ ಇಂಟರ್ನೆಟ್ ಇಲ್ಲದ ಸಾಮಾನ್ಯ ವೈಫೈ ರೂಟರ್ ಸಾಕು. ಟ್ಯಾಬ್‌ನ ಬ್ರೌಸರ್‌ನಲ್ಲಿ ಲ್ಯಾಪ್‌ಟಾಪ್‌ನ ಐಪಿ ವಿಳಾಸ (ವೈಫೈನಲ್ಲಿ ಅದನ್ನು ಗುರುತಿಸುವ ಅಂಕಿಗಳು), ಕೋಲನ್ (:), 8080 ಎಂದು ಹೊಡೆದರೆ ಪುಟ ತೆರೆಯುತ್ತದೆ. ತೆರೆಯದಿದ್ದರೆ ಮೂರು ಕಾರಣ ಹುಡುಕಿ. ಒಂದು, ಲ್ಯಾಪ್‌ಟಾಪ್‌ನ ಫೈರ್‌ವಾಲ್, ಅಂದರೆ ಹೊರಗಿನ ಸಂಪರ್ಕಕ್ಕೆ ಕಾವಲಿರುವ ತಂತ್ರಾಂಶ, ತಡೆಯುತ್ತಿರಬಹುದು. ಎರಡು, ರೂಟರ್ ಆಫ್ ಆಗಿ ಬಂದಾಗ ಐಪಿ ಬದಲಾಗಿರಬಹುದು. ರೂಟರ್ ಸೆಟ್ಟಿಂಗ್‌ನಲ್ಲಿ ಆ ಲ್ಯಾಪ್‌ಟಾಪ್‌ಗೆ ಒಂದೇ ವಿಳಾಸ ಕಾಯಂ ಮಾಡಿ. ಮೂರು, ಈ ವೈಫೈನಲ್ಲಿ ಇಂಟರ್ನೆಟ್ ಇಲ್ಲ ಎಂದು ಟ್ಯಾಬ್ ತಾನೇ ಸಂಪರ್ಕ ಬಿಟ್ಟಿರಬಹುದು. ಹಾಗೆ ಸಂದೇಶ ಬಂದಾಗ ‘ಸಂಪರ್ಕದಲ್ಲೇ ಇರು’ ಎಂಬುದನ್ನು ಒತ್ತಿ, ಸಿಮ್ ಇದ್ದರೆ ತೆಗೆದಿಡಿ.

ಈಗ ಪಾಠಕ್ಕೆ ಬರೋಣ. ಒಂದು ಟ್ಯಾಬ್‌ಗೆ ನಾಲ್ವರು ಮುತ್ತಿಕೊಂಡರೆ ಇಬ್ಬರು ಬರೀ ನೋಡುತ್ತಾರೆ. 14 ಮಕ್ಕಳನ್ನು ಇಬ್ಬಿಬ್ಬರಂತೆ ಏಳು ಟ್ಯಾಬ್‌ಗೆ ಕೂರಿಸಿ, ಎಂಟನೆಯದು ಕೈಕೊಟ್ಟದ್ದರ ಬದಲಿಗೆ ಇರಲಿ. ಉಳಿದ 14 ಮಕ್ಕಳು ಕಾಗದದ ವೃತ್ತ ಮಡಚಿ, ಕತ್ತರಿಸಿ ಅದೇ ಲೆಕ್ಕ ಮಾಡಲಿ. 12 ನಿಮಿಷಕ್ಕೆ ಅದಲುಬದಲು. ಜೋಡಿಯಲ್ಲಿ ಒಬ್ಬರು ಹೇಳಬೇಕು, ಇನ್ನೊಬ್ಬರು ಹೇಳಿದ್ದನ್ನಷ್ಟೇ ಪರದೆಯ ಮೇಲೆ ಮಾಡಬೇಕು. ಪ್ರತಿ ಲೆಕ್ಕಕ್ಕೂ ಸರದಿ ಬದಲು. ಚುರುಕಾದ ಮಗು ಟ್ಯಾಬನ್ನು ತನ್ನ ಕಡೆಗೇ ಎಳೆದುಕೊಳ್ಳುವುದು ಇದರಿಂದ ನಿಲ್ಲುತ್ತದೆ. ತುಂಡುಗಳನ್ನು ಮುಟ್ಟುವ ಮೊದಲು ಏನಾಗಬಹುದೆಂದು ನೋಟ್‌ಬುಕ್‌ನಲ್ಲಿ ಚಿತ್ರ ಬಿಡಿಸಿರಬೇಕು. ಈ ನಿಯಮವನ್ನು ಮಾತ್ರ ಸಡಿಲಿಸಬೇಡಿ.

ಕೊನೆಯ ಹತ್ತು ನಿಮಿಷ ಎಲ್ಲ ಟ್ಯಾಬ್ ಮಗುಚಿಡಿಸಿ, ನೋಟ್‌ಬುಕ್ ತೆರೆಸಿ. ‘ಮೂರನೇ ಎರಡು, ನಾಲ್ಕನೇ ಮೂರು, ಯಾವುದು ದೊಡ್ಡದು? ಹೇಗೆ ಗೊತ್ತಾಯಿತು?’ ಎಂದು ಕೇಳಿ, ತಪ್ಪು ಹೇಳಿದವರಿಂದಲೂ ಕಾರಣ ಹೇಳಿಸಿ. ನಿಮ್ಮ ತರಗತಿಯಲ್ಲಿ ತಪ್ಪಿಹೋಗಿರುವುದು ಬಹುಶಃ ಈ ಹತ್ತು ನಿಮಿಷ. ಪರದೆಯಲ್ಲಿ ಕೈಗೆ ಒಲಿದ ಲೆಕ್ಕ ಬಾಯಲ್ಲಿ ಬರುವವರೆಗೆ ಮಗುವಿನದಾಗುವುದಿಲ್ಲ.

ಚಾರ್ಜಿಂಗ್ ಬಗ್ಗೆ ಅಷ್ಟು ಚಿಂತೆ ಬೇಡ. 5,000 ಎಂಎಎಚ್‌ನ ಟ್ಯಾಬ್ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್ (ವಿದ್ಯುತ್ತಿನ ಅಳತೆ). ಎಂಟಕ್ಕೆ 152, ಸೋರಿಕೆ ಸೇರಿಸಿದರೂ 220ರ ಆಸುಪಾಸು. ಶಾಲೆಯಲ್ಲಿ 12 ವೋಲ್ಟಿನ 150 ಎಎಚ್ ಇನ್ವರ್ಟರ್ ಬ್ಯಾಟರಿ ಇದ್ದರೆ ಅದರಲ್ಲಿ 1,800 ವ್ಯಾಟ್-ಅವರ್ ಇರುತ್ತದೆ, ಅರ್ಧ ಬಳಸಿದರೂ ಧಾರಾಳ. ನಿಮ್ಮ ತಾಲ್ಲೂಕಿನ ಹುಲಿಕಲ್, ಮಾಸ್ತಿಕಟ್ಟೆ ಕಡೆಯ ಮಳೆಯಲ್ಲಿ ಟ್ಯಾಬ್‌ಗೆ ನಿಜವಾದ ಶತ್ರು ತೇವ. ಚಾರ್ಜಿಂಗ್ ಪೋರ್ಟಿನಲ್ಲಿ ತೇವವಿದ್ದಾಗ ಪಿನ್ ಚುಚ್ಚಿದರೆ ಒಳಗಿನ ಲೋಹ ಕಿಲುಬು ಹಿಡಿಯುತ್ತದೆ. ಒದ್ದೆಯಾದದ್ದನ್ನು ಪೋರ್ಟ್ ಕೆಳಮುಖವಾಗಿ ಹಿಡಿದು ಮೆಲ್ಲಗೆ ತಟ್ಟಿ, ಫ್ಯಾನಿನಡಿ ಒಣಗಿಸಿ. ಅಕ್ಕಿಯಲ್ಲಿ ಹೂತಿಡಬೇಡಿ, ಅದರ ಹುಡಿ ಪೋರ್ಟಿಗೆ ಸೇರುತ್ತದೆ. ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಆದರೆ ಚಾರ್ಜ್ ಆಗಿ ಬಿಸಿಯಿರುವಾಗ ಮುಚ್ಚಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಪ್ಲಗ್ ಕಿತ್ತಿಡಿ. ಬೇಸಿಗೆ ರಜೆಗೆ ಮುಂಚೆ ಅರ್ಧ ಚಾರ್ಜ್‌ನಲ್ಲಿ ಆಫ್ ಮಾಡಿ. ಪೂರ್ತಿ ಖಾಲಿ ಬಿಟ್ಟ ಬ್ಯಾಟರಿ ಶಾಲೆ ಶುರುವಾಗುವ ಹೊತ್ತಿಗೆ ಏಳದೇ ಹೋಗಬಹುದು.

ಪ್ರಶ್ನೆ: ‘ಶಾಲೆಯಲ್ಲೇ ಗೇಮ್ ಆಡಿಸ್ತಾರೆ, ನೀನ್ಯಾಕೆ ಫೋನ್ ಕೊಡಲ್ಲ’ ಎಂದು ಮಗ ಹಟ ಮಾಡುತ್ತಾನೆ. ಏನು ಹೇಳಲಿ? (ಗೃಹಿಣಿ, ತೀರ್ಥಹಳ್ಳಿ)

ಉತ್ತರ: ಶಾಲೆಯ ಆಟಕ್ಕೆ ಹೊತ್ತು ಗೊತ್ತುಮಾಡಿರುತ್ತದೆ, ಜೊತೆಗಾರ ಇರುತ್ತಾನೆ, ಜಾಹೀರಾತು ಇರುವುದಿಲ್ಲ. ಮನೆಯಲ್ಲೂ ಈ ಮೂರು ಇದ್ದರೆ ಕೊಡಿ. ಡೌನ್‌ಲೋಡ್ ಆದದ್ದನ್ನು ಡೇಟಾ ಆಫ್ ಮಾಡಿ ತೆರೆಯಲಿ, ನೀವು ಅಥವಾ ಅಕ್ಕ, ಅಣ್ಣ ಪಕ್ಕದಲ್ಲಿ ಕೂರಿ. ಆ್ಯಂಡ್ರಾಯ್ಡ್‌ನ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರಿಟಿ ವಿಭಾಗದ ‘ಆ್ಯಪ್ ಪಿನ್ನಿಂಗ್’ ಆನ್ ಮಾಡಿ, ಹೊರಬರಲು ಪಿನ್ ಕೇಳುವಂತೆ ಇಟ್ಟರೆ ಬೇರೆ ಆ್ಯಪ್‌ಗೆ ಜಾರಲು ಆಗುವುದಿಲ್ಲ. ಆಟ ಮುಗಿದ ಮೇಲೆ ಹನ್ನೆರಡು ಅಡಿಕೆ ಕೊಟ್ಟು ಮೂರನೇ ಎರಡು ಭಾಗ ಎತ್ತಿಡಲು ಹೇಳಿ. ಎಂಟು ಎತ್ತಿಟ್ಟು ಯಾಕೆಂದು ವಿವರಿಸಿದರೆ ಆಟ ಫಲಿಸಿದೆ.

ಪ್ರಶ್ನೆ: ಒಂದು ಟ್ಯಾಬ್‌ನ ಹಿಂಬದಿ ಉಬ್ಬಿ, ಪರದೆ ಅಂಚಿನಲ್ಲಿ ಎದ್ದಿದೆ. ಇನ್ನೂ ಕೆಲಸ ಮಾಡುತ್ತಿದೆ, ಬಳಸಬಹುದೇ? (ಶಿಕ್ಷಕ, ಸಾಗರ)

ಉತ್ತರ: ಖಂಡಿತ ಬೇಡ. ಬ್ಯಾಟರಿಯೊಳಗೆ ಅನಿಲ ತುಂಬಿದೆ, ಬೆಂಕಿಯ ಅಪಾಯವಿದೆ. ಇವತ್ತೇ ಆಫ್ ಮಾಡಿ. ಚಾರ್ಜ್‌ಗೆ ಹಾಕಬೇಡಿ, ಪರದೆ ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಬೇಡಿ. ಮಕ್ಕಳ ಕೈಗೆ ಸಿಗದ ಕಡೆ, ಕಾಗದ–ಬಟ್ಟೆಯಿಂದ ದೂರ, ಸಿಮೆಂಟ್ ನೆಲದ ಮೇಲಿಟ್ಟು ಕಂಪನಿಯ ಸರ್ವಿಸ್ ಸೆಂಟರ್‌ಗೆ ತಲುಪಿಸಿ. ಕಸದ ಗಾಡಿಗೆ ಹಾಕಬೇಡಿ. ಉಳಿದ ಟ್ಯಾಬ್‌ಗಳನ್ನೂ ಸಪಾಟಾದ ಮೇಜಿನ ಮೇಲೆ ಮಲಗಿಸಿ ನೋಡಿ. ಅಲುಗಾಡುವುದಿದ್ದರೆ ಅದನ್ನೂ ಬದಿಗಿಡಿ.