ಹೈವೇಯಲ್ಲಿ ಯಾರಾದರೂ ಅಡ್ಡ ನುಗ್ಗಿದರೆ ಕಾರು ತಾನೇ ಬ್ರೇಕ್ ಹಾಕುತ್ತದೆ, ಏನು ಮಾಡಲಿ? – ಪ್ರತಿಕ್ರಿಯೆ

ಇದು ಹೆಚ್ಚಾಗಿ ಅಡಾಪ್ಟಿವ್ ಕ್ರೂಸಿನ (ಮುಂದಿನ ಗಾಡಿಯಿಂದ ಅಂತರ ಬಿಟ್ಟು ಕಾರಿನ ವೇಗವನ್ನು ತಾನೇ ಹೊಂದಿಸುವ ವ್ಯವಸ್ಥೆ) ಕೆಲಸ, ಬ್ರೇಕ್ ಕೆಟ್ಟದ್ದಲ್ಲ. ತಲಪಾಡಿಯಿಂದ ಕಾಸರಗೋಡಿಗೆ ಬರುವಾಗ ಪಕ್ಕದವರು ನುಗ್ಗಿದರೆ ಮಾತ್ರ ಹೀಗಾಗುತ್ತದೆ, ಹಿಂದಿನವರು ಲೈಟ್ ಹೊಡೆದು ಮೈಮೇಲೆ ಬರುತ್ತಾರೆ ಅಂದಿದ್ದೀರಿ ಅಲ್ವಾ? ಮುಂದಿನ ಅಂತರ ಒಮ್ಮೆಲೇ ಕಡಿಮೆಯಾದಾಗ ಅದು ಬ್ರೇಕ್ ಒತ್ತುತ್ತದೆ. ಹಿಂದೆ ಲಾರಿ ಇದೆಯಾ ಅಂತ ನೋಡುವುದಿಲ್ಲ.

ಮೊದಲು ಕಾರಿನ ಮುಂದೆ ಇರುವ ರಾಡಾರ್ (ಅಂತರ ಅಳೆಯುವ ಸೆನ್ಸರ್) ಒರೆಸಿ. ಜಾಗ ಕಾರಿಂದ ಕಾರಿಗೆ ಬೇರೆ, ಮ್ಯಾನ್ಯುವಲ್ ನೋಡಿ. ನನ್ನ ಕಾರಲ್ಲಿ ಕೆಂಪು ಕೆಸರು ಹಪ್ಪಳದ ಹಾಗೆ ಒಣಗಿ ಅಂಟಿತ್ತು.

ಆಮೇಲೆ ಗ್ಯಾಪ್ ಸೆಟ್ಟಿಂಗ್, ಅಂದ್ರೆ ಮುಂದಿನ ಗಾಡಿಯಿಂದ ಎಷ್ಟು ಅಂತರ ಬಿಡಬೇಕು ಅನ್ನುವುದು. ಯಾರೂ ನುಗ್ಗದಿರಲಿ ಅಂತ ತೀರಾ ಕಡಿಮೆ ಇಡಬೇಡಿ. 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗಿರುತ್ತೀರಿ. ನಾನು ಮಧ್ಯದಲ್ಲೇ ಇಡುತ್ತೇನೆ.

ಉಪ್ಪಳ, ಕುಂಬಳೆಯಂಥ ಪೇಟೆ ಹತ್ತಿರ ಬಂದಾಗ, ಜೋರು ಮಳೆಯಲ್ಲಿ ಕ್ರೂಸ್ ಆಫ್ ಮಾಡಿ. ತುರ್ತು ಬ್ರೇಕಿನ ವ್ಯವಸ್ಥೆಯನ್ನು ಮಾತ್ರ ಆಫ್ ಮಾಡಲೇಬೇಡಿ.

ಯಾರಾದರೂ ಹಿಂದೆ ಅಂಟಿಕೊಂಡರೆ ಇಂಡಿಕೇಟರ್ ಹಾಕಿ ಎಡಕ್ಕೆ ಬನ್ನಿ. ಇಂಡಿಕೇಟರ್ ಹಾಕದಿದ್ದರೆ ಲೇನ್ ಅಸಿಸ್ಟ್ (ಕಾರು ಲೇನ್ ಬಿಟ್ಟು ಹೋಗದಂತೆ ತಡೆಯುವ ವ್ಯವಸ್ಥೆ) ಸ್ಟೀರಿಂಗನ್ನು ವಾಪಸ್ ಎಳೆಯಬಹುದು. ಹೆದರಿಸಲಿಕ್ಕೆ ಸುಮ್ನೆ ಬ್ರೇಕ್ ತುಳಿಯಬೇಡಿ. ಆಮೇಲೂ ಬೆನ್ನು ಬಿಡದಿದ್ದರೆ ಮನೆಗೆ ತಿರುಗಬೇಡಿ. ಜನ ಇರುವ ಪೆಟ್ರೋಲ್ ಬಂಕಿಗೆ ನುಗ್ಗಿಸಿ, ಡೋರ್ ಲಾಕ್ ಮಾಡಿ 112ಕ್ಕೆ ಫೋನ್ ಮಾಡಿ.