ಹಳೆಯ ಇಂಗ್ಲಿಷ್ ರೋಸ್‌ವುಡ್ ಪುಸ್ತಕದ ಕಪಾಟಿನಲ್ಲಿ ರೋಸ್‌ವುಡ್ ಬರೀ ಮೇಲ್ಪದರದಲ್ಲಿ ಇರುತ್ತದೆ. ಇದು ಮೋಸವಲ್ಲವೇ?

ಖಂಡಿತ ಮೋಸವಲ್ಲ. ಆ ಕಾಲದ ನುರಿತ ಬಡಗಿಗಳು ಬೇಕೆಂದೇ ಹಾಗೆ ಮಾಡುತ್ತಿದ್ದರು. ರೀಜೆನ್ಸಿ ಕಾಲದ (1811–1820) ಲಂಡನ್ ಕೆಲಸದಲ್ಲಿ ಕಪಾಟಿನ ಒಡಲು ಸಾಮಾನ್ಯವಾಗಿ ಪೈನ್, ಓಕ್ ಅಥವಾ ಮಹಾಗನಿ ಮರದ್ದು. ಅದರ ಮೇಲೆ ರೋಸ್‌ವುಡ್‌ನ ತೆಳುವಾದ ಹಾಳೆಯನ್ನು, ಅಂದರೆ ವಿನಿಯರನ್ನು, ಬಿಸಿ ಸರೇಸಿನಿಂದ ಅಂಟಿಸುತ್ತಿದ್ದರು.

ಮುಖ್ಯ ಕಾರಣ ಮರದ ಸ್ವಭಾವ. ತೇವಕ್ಕೆ ಹಲಗೆ ಅಗಲದಲ್ಲಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ. ನಾರಿನ ಎಳೆಗಳು ಸುಳಿಸುಳಿಯಾಗಿರುವ ದಪ್ಪ ಹಲಗೆ ಎಲ್ಲ ಕಡೆ ಒಂದೇ ಸಮ ಕುಗ್ಗದೆ ಸೊಟ್ಟಗಾಗುತ್ತದೆ, ಸೀಳುತ್ತದೆ. ಅದೇ ಮರವನ್ನು ತೆಳುವಾಗಿ ಕೊಯ್ದರೆ ಅದರ ಎಳೆತದ ಬಲ ಕಡಿಮೆ. ನೇರ ಎಳೆಯ ಒಡಲು ಅದನ್ನು ಹಿಡಿದಿಡುತ್ತದೆ. ಬ್ರೆಜಿಲ್‌ನಿಂದ ಹಡಗಿನಲ್ಲಿ ಬರುತ್ತಿದ್ದ ದುಬಾರಿ ಮರದ ಉಳಿತಾಯವೂ ಆಗುತ್ತಿತ್ತು. (ನಮ್ಮ ಬೀಟೆ ಅದೇ ಕುಲದ ಇನ್ನೊಂದು ಜಾತಿ.)

ನನಗೆ ಇದರಲ್ಲಿ ಅತ್ಯಂತ ಇಷ್ಟವಾಗುವುದು ಬಾಗಿಲುಗಳ ಜೋಡಣೆ. ಒಂದೇ ದಿಮ್ಮಿಯಿಂದ ಒಂದರ ಹಿಂದೊಂದು ಕೊಯ್ದ ಎರಡು ಹಾಳೆಗಳನ್ನು ಪುಸ್ತಕ ಬಿಡಿಸಿದಂತೆ ಅಕ್ಕಪಕ್ಕ ಇಟ್ಟರೆ, ಕಪ್ಪು ಗೆರೆಗಳು ಕನ್ನಡಿಯಲ್ಲಿ ಕಂಡಂತೆ ಎದುರುಬದುರಾಗಿ ಕೂಡುತ್ತವೆ. ಇಡೀ ಹಲಗೆಯಲ್ಲಿ ಈ ಚೆಲುವು ಸಿಗುವುದು ಕಷ್ಟ.

ಪರೀಕ್ಷಿಸಬೇಕೆಂದರೆ ಪದರ ಕಿತ್ತುಹೋದ ಮೂಲೆಯನ್ನು ನೋಡಿ. ಕೈಗರಗಸದಿಂದ ಕೊಯ್ದ ಹಳೆಯ ಹಾಳೆ ಇಂದಿನದಕ್ಕಿಂತ ಸ್ಪಷ್ಟವಾಗಿ ದಪ್ಪ, ಮತ್ತು ಎಲ್ಲ ಕಡೆ ಒಂದೇ ದಪ್ಪ ಇರುವುದಿಲ್ಲ.